ಒಪ್ಪಿಗೆ ಪತ್ರದಲ್ಲಿ ಸಹಿ ಇದೆ; ರೋಗಿಗೆ ತಿಳಿದಿದೆಯೋ ಇಲ್ಲವೋ ಪರೀಕ್ಷಿಸುವುದು ಹೇಗೆ?

ವಾರ್ಡ್_ಮೇಜು (ಪ್ರಶ್ನೆ)

60 ಹಾಸಿಗೆಯ ಆಸ್ಪತ್ರೆಯೊಂದರ ಒಪ್ಪಿಗೆ ಪತ್ರಗಳನ್ನು ಹೊಸದಾಗಿ ಬರೆಯಬೇಕಿದೆ. ಮೊದಲು ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತುಗಳನ್ನು ಹಾಕಿ) ಪಿತ್ತಕೋಶ ತೆಗೆಯುವ ಆಪರೇಷನ್ನಿನದು, ಆಮೇಲೆ ಕಿಡ್ನಿ ಕಲ್ಲು, ಹರ್ನಿಯಾ, ಸಿಸೇರಿಯನ್. ಈಗ ಬಳಕೆಯಲ್ಲಿರುವ ಪತ್ರ ಹಿಂದೆ ಯಾರೋ ಇಂಗ್ಲಿಷಿನಿಂದ ಇಳಿಸಿದ್ದು. ಅದರ ಒಂದು ವಾಕ್ಯ ಹೀಗಿದೆ:

"ಸದರಿ ಶಸ್ತ್ರಕ್ರಿಯೆಯ ಫಲಿತಾಂಶದ ಬಗ್ಗೆ ಯಾವುದೇ ಖಾತರಿಯನ್ನು ನೀಡಲಾಗಿಲ್ಲವೆಂಬುದನ್ನೂ, ತತ್ಸಂಬಂಧಿತ ಸಂಕೀರ್ಣತೆಗಳು ಉದ್ಭವಿಸುವುದಿಲ್ಲವೆಂದು ಹೇಳಲಾಗದೆಂಬುದನ್ನೂ ಅರಿತು ಸ್ವಇಚ್ಛೆಯಿಂದ ಸಮ್ಮತಿಸಿರುತ್ತೇನೆ."

ಇದನ್ನು ಓದಿ ಸಹಿ ಹಾಕಿದವರಿಗೆ ಏನು ತಿಳಿದಿರುತ್ತದೆ? ಕಡತಗಳ ತಪಾಸಣೆಗೆ ಬಂದವರು ಸಹಿ ಇದೆಯೇ, ದಿನಾಂಕ ಇದೆಯೇ, ಸಾಕ್ಷಿ ಇದ್ದಾರೆಯೇ ಎಂದಷ್ಟೇ ನೋಡುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಕಡತಗಳೆಲ್ಲ ಪಾಸು. ನನಗೆ ತಿಳಿಯಬೇಕಾದ್ದು ಬೇರೆ:

ರೋಗಿಗೆ ಪರೀಕ್ಷೆ ಬರೆಸಿದಂತೆ ಆಗದ ಹಾಗೆ, ಅವರಿಗೆ ತಿಳಿದಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ರೋಗಿಗಳು ಸಾಮಾನ್ಯವಾಗಿ ಎಡವುವುದು ಯಾವ ಅಂಶದಲ್ಲಿ? ವಿವರಿಸಬೇಕಾದವರು ಸರ್ಜನ್ನೇ, ನರ್ಸ್ ವಿವರಿಸಿದರೆ ನಡೆಯುತ್ತದೆಯೇ? ಇನ್ನು ಸಹಿ: ಗಂಡನದೋ, ಮಗನದೋ, ರೋಗಿಯದೋ? ನಮ್ಮಲ್ಲಿ ಮೂರೂ ಇರುತ್ತವೆ. ಕೆಲವೊಮ್ಮೆ ರೋಗಿಯದೊಂದೇ ಇರುವುದಿಲ್ಲ.

ನಾಲ್ಕು_ತೂತು

ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಎಲ್ಲಿ ಎಡವುತ್ತಾರೆ ಅಂತ ಗೊತ್ತಾದರೆ ಪತ್ರದಲ್ಲಿ ಏನು ಬರೀಬೇಕು ಅನ್ನೋದು ಅರ್ಧ ಬಗೆಹರಿದ ಹಾಗೆ.

"ಯಾಕೆ ಆಪರೇಷನ್?" ಅಂತ ಕೇಳಿದರೆ ಹೆಚ್ಚಿನವರು ಸರಿಯಾಗಿಯೇ ಹೇಳ್ತಾರೆ. ಜಾರೋದು ನಾಲ್ಕು ಕಡೆ: ಏನನ್ನು ತೆಗೀತಾರೆ, ಯಾವ ತೊಂದರೆ ಹೋಗುತ್ತೆ, ಏನು ಕೆಡಬಹುದು, ಬೇರೆ ದಾರಿ ಏನಿತ್ತು.

ಪಿತ್ತಕೋಶವನ್ನೇ ತಗೊಳ್ಳಿ. ಸ್ಕ್ಯಾನಿನಲ್ಲಿ "ಕಲ್ಲು" ಅಂತ ಬಂದಿರುತ್ತೆ. ಕಿಡ್ನಿ ಕಲ್ಲನ್ನು ಪುಡಿ ಮಾಡಿ ತೆಗೆದದ್ದು ನೆಂಟರಿಷ್ಟರಲ್ಲಿ ಎಲ್ಲರೂ ಕೇಳಿರ್ತಾರೆ. ಹಾಗಾಗಿ "ಕಲ್ಲಿನ ಆಪರೇಷನ್" ಅಂದ ಕೂಡಲೇ ಕಲ್ಲು ಮಾತ್ರ ತೆಗೀತಾರೆ, ಚೀಲ ಒಳಗೇ ಉಳಿಯುತ್ತೆ ಅಂದುಕೊಳ್ತಾರೆ. ನಿಜದಲ್ಲಿ ಕಲ್ಲಿನ ಸಮೇತ ಇಡೀ ಪಿತ್ತಕೋಶ ಹೊರಗೆ ಬರುತ್ತೆ. ಪತ್ರದ ಮೊದಲ ಸಾಲಿನಲ್ಲೇ ಇದು ಇರಬೇಕು. ಜೊತೆಗೆ ಇನ್ನೊಂದು ಗೊಂದಲ: ಪಿತ್ತಕೋಶ ಬೇರೆ, ಪಿತ್ತಜನಕಾಂಗ ಬೇರೆ. ಎರಡರಲ್ಲೂ "ಪಿತ್ತ" ಇರೋದರಿಂದ ಲಿವರ್ ಕೊಯ್ತಾರೆ ಅಂತ ಹೆದರಿ ಹಿಂದೆ ಸರಿಯುವವರೂ ಇದ್ದಾರೆ. ಲಿವರ್ ಅಂತಲೇ ಬರೀರಿ, ಎಲ್ಲರಿಗೂ ಗೊತ್ತು.

ಎರಡನೇದು ನಿರೀಕ್ಷೆ. ಊಟ ಆದಮೇಲೆ ಬಲಪಕ್ಕೆಯ ಕೆಳಗೆ ಬಂದು ಬೆನ್ನಿಗೆ ಹಾಯುವ ಆ ನೋವು ಹೆಚ್ಚಿನವರಿಗೆ ಹೋಗುತ್ತೆ. ಹೊಟ್ಟೆ ಉಬ್ಬರ, ಹುಳಿತೇಗು, ಎಲ್ಲರೂ "ಗ್ಯಾಸ್ಟ್ರಿಕ್" ಅನ್ನೋದು ಇದೆಯಲ್ಲ, ಅದು ಹೋಗೇ ಹೋಗುತ್ತೆ ಅಂತ ಹೇಳೋಕಾಗಲ್ಲ. ಬಹಳ ಸಲ ಅದಕ್ಕೂ ಕಲ್ಲಿಗೂ ಸಂಬಂಧವೇ ಇರಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮೂರು ತಿಂಗಳ ಮೇಲೆ "ಆಪರೇಷನ್ ಫೇಲ್ ಆಗಿದೆ" ಅಂತ ಬರ್ತಾರೆ. ಅಲ್ಲಿ ಆಪರೇಷನ್ ಸರಿಯಾಗಿಯೇ ಆಗಿರುತ್ತೆ, ಕೆಟ್ಟಿದ್ದು ಮಾತು.

ಮೂರನೇದು "ಹೋಲ್ ಹಾಕಿ ಮಾಡೋದು" ಅನ್ನೋದು. ನಾಲ್ಕು ಸಣ್ಣ ತೂತು, ಅಷ್ಟೇ, ಅಂತ ಒಪ್ಪಿರ್ತಾರೆ. ಒಳಗೆ ಊತ ಹೆಚ್ಚಿದ್ದು ಅಂಟಿಕೊಂಡಿದ್ದರೆ, ರಕ್ತ ಹೆಚ್ಚು ಹೋದರೆ, ನಾಳ ಸ್ಪಷ್ಟ ಕಾಣದಿದ್ದರೆ ಬಲಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದು ಮಾಡಬೇಕಾಗುತ್ತೆ. ಸುಮಾರು ನೂರಕ್ಕೆ ಐದು ಜನರಲ್ಲಿ ಹೀಗಾಗುತ್ತೆ. ಇದು ಸೋಲಲ್ಲ, ಸುರಕ್ಷಿತ ದಾರಿ. ಆದರೆ ಎಚ್ಚರ ಬಂದಾಗ ಉದ್ದದ ಹೊಲಿಗೆ ನೋಡಿ ಗಾಬರಿಯಾಗುವವರಿಗೆ ಅದನ್ನು ಆಗ ವಿವರಿಸಿದರೆ ನೆಪ ಹೇಳಿದ ಹಾಗೆ ಕೇಳಿಸುತ್ತೆ. ಪಿತ್ತನಾಳಕ್ಕೆ ಪೆಟ್ಟಾಗೋದು ಸಾವಿರಕ್ಕೆ ಮೂರರಿಂದ ಐದು. ಅಪರೂಪ, ಆದರೂ ಆಗಿಬಿಟ್ಟರೆ ದೊಡ್ಡದು: ಮತ್ತೊಂದು ಆಪರೇಷನ್, ದೊಡ್ಡ ಆಸ್ಪತ್ರೆ, ವಾರಗಟ್ಟಲೆ ದಾಖಲು. ಇದನ್ನು ಬಿಡೋ ಹಾಗಿಲ್ಲ.

ಇನ್ನು ಬೇರೆ ದಾರಿ. ನೋವೇ ಇಲ್ಲದೆ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡರೆ ಕಾದು ನೋಡಬಹುದು. ಅಂಥವರಲ್ಲಿ ಹೆಚ್ಚಿನವರಿಗೆ ಅದು ಯಾವತ್ತೂ ತೊಂದರೆ ಕೊಡಲ್ಲ. ಒಮ್ಮೆ ನೋವು ಬಂದವರ ಕತೆ ಬೇರೆ: ಮತ್ತೆ ಬರೋದೇ ಹೆಚ್ಚು, ಕಲ್ಲು ನಾಳಕ್ಕೆ ಜಾರಿ ಕಾಮಾಲೆಯೋ ಮೇದೋಜೀರಕದ ಊತವೋ ಆಗಬಹುದು. ಕರಗಿಸೋ ಮಾತ್ರೆ ಕೆಲವೇ ಬಗೆಯ ಸಣ್ಣ ಕಲ್ಲಿಗೆ, ತಿಂಗಳುಗಟ್ಟಲೆ ನುಂಗಬೇಕು, ನಿಲ್ಲಿಸಿದ ಮೇಲೆ ಮತ್ತೆ ಕಟ್ಟಬಹುದು. ಇಷ್ಟನ್ನು ಹೇಳದೆ "ಬೇರೆ ದಾರಿ ವಿವರಿಸಲಾಗಿದೆ" ಅಂತ ಅಚ್ಚು ಹಾಕಿಸಿದರೆ ಕಾಗದ ದಂಡ.

ಕಿಡ್ನಿ ಕಲ್ಲಿನ ಪತ್ರ ಬರೆಯುವಾಗ ಒಂದು ಸಾಲು ದಪ್ಪಕ್ಷರದಲ್ಲಿ ಹಾಕಿ. ಮೂತ್ರನಾಳದ ಕಲ್ಲು ತೆಗೆದ ಮೇಲೆ ಬಹಳ ಸಲ ಒಳಗೆ ಡಿಜೆ ಸ್ಟೆಂಟ್ (ಮೂತ್ರ ಹರಿಯೋಕೆ ಇಡುವ ಸಣ್ಣ ಕೊಳವೆ) ಬಿಟ್ಟಿರ್ತಾರೆ. "ಸ್ಟೆಂಟ್" ಅಂದರೆ ಜನಕ್ಕೆ ಗೊತ್ತಿರೋದು ಹಾರ್ಟಿಗೆ ಹಾಕೋದು, ಅದು ಜೀವನಪೂರ್ತಿ ಇರೋದು. ಅದೇ ಹೆಸರು ಕೇಳಿ ಇದೂ ಒಳಗೇ ಇರುತ್ತೆ ಅಂದುಕೊಂಡು, ನೋವು ಹೋಯ್ತಲ್ಲ ಅಂತ ಬರೋದೇ ಇಲ್ಲ. ಇದನ್ನು ಕೆಲವು ವಾರಗಳಲ್ಲಿ ತೆಗೀಲೇಬೇಕು, ಸಾಮಾನ್ಯವಾಗಿ ಮೂರು ತಿಂಗಳು ಮೀರಬಾರದು. ಮೀರಿದರೆ ಅದರ ಮೇಲೇ ಕಲ್ಲು ಕಟ್ಟಿ, ತೆಗೆಯೋದೇ ಹೊಸ ಆಪರೇಷನ್ ಆಗುತ್ತೆ. ತೆಗೆಯುವ ತಾರೀಕನ್ನು ಒಪ್ಪಿಗೆ ಪತ್ರದಲ್ಲೂ ಡಿಸ್ಚಾರ್ಜ್ ಚೀಟಿಯಲ್ಲೂ ಬರೀರಿ. ಒಂದು ರಿಜಿಸ್ಟರ್ ಇಟ್ಟು ಫೋನ್ ಮಾಡಿದರೆ ಇನ್ನೂ ಒಳ್ಳೇದು.

ಮೂರನೇ_ಪಾಳಿ

ವಿವರಿಸೋದು ಸರ್ಜನ್ ಕೆಲಸ. ತಿಳೀತೋ ಇಲ್ಲವೋ ನೋಡೋದನ್ನು ವಾರ್ಡಿನಲ್ಲಿ ನರ್ಸುಗಳಾದ ನಾವು ಮಾಡಬಹುದು, ಹಲವು ಸಲ ಇನ್ನೂ ಚೆನ್ನಾಗಿ ಮಾಡ್ತೀವಿ. ಡಾಕ್ಟರ ಮುಂದೆ "ಹೂಂ ಸರ್" ಅಂದವರು ಅವರು ಆಚೆ ಹೋದ ಕೂಡಲೇ "ಸಿಸ್ಟರ್, ಏನಂದ್ರು?" ಅಂತ ಕೇಳೋದು ಎಲ್ಲ ವಾರ್ಡಲ್ಲೂ ನಡೆಯೋದೇ. ಆದರೆ ಆ ಪ್ರಶ್ನೆಗೆ ಉತ್ತರ ನಮಗೆ ಗೊತ್ತಿಲ್ಲದಿದ್ದರೆ ಊಹಿಸಿ ಹೇಳಬಾರದು, ಡಾಕ್ಟರನ್ನು ವಾಪಸ್ ಕರೀಬೇಕು. ಎಷ್ಟು ಕೊಯ್ತಾರೆ, ಅಪಾಯ ಎಷ್ಟು ಅನ್ನೋದು ಆಪರೇಷನ್ ಮಾಡುವವರ ಬಾಯಿಂದಲೇ ಬರಬೇಕು.

"ಅರ್ಥ ಆಯ್ತಾ?" ಅನ್ನೋ ಪ್ರಶ್ನೆಯನ್ನು ಮೊದಲು ಬಿಡಿ. ಅದಕ್ಕೆ ನಮ್ಮಲ್ಲಿ ಇರೋದು ಒಂದೇ ಉತ್ತರ. ಇಲ್ಲ ಅಂದರೆ ತನಗೆ ಅವಮಾನ, ಡಾಕ್ಟರಿಗೂ ಅಗೌರವ ಅಂತ ಜನ ಅಂದುಕೊಳ್ತಾರೆ. "ಎಲ್ಲ ನಿಮ್ಮ ಕೈಲಿದೆ, ನೀವು ಹೇಳಿದ ಹಾಗೆ" ಅನ್ನೋದು ನಂಬಿಕೆ. ತಿಳಿವಳಿಕೆ ಅಲ್ಲ.

ಮರಳಿ ಹೇಳಿಸೋದೇ ಸರಿ. ಕೇಳುವ ರೀತಿ ಮುಖ್ಯ:

"ನಾನು ಎಲ್ಲ ಹೇಳಿದ್ನೋ ಏನಾದ್ರೂ ಬಿಟ್ನೋ ನೋಡ್ಬೇಕು. ಈಗ ಮನೆಗೆ ಫೋನ್ ಮಾಡಿ, ನಾಳೆ ಏನು ಮಾಡ್ತಾರೆ ಅಂತ ಹೇಗೆ ಹೇಳ್ತೀರಿ? ಹೇಳಿ ನೋಡೋಣ."

ತಪ್ಪು ನಮ್ಮ ಮೇಲೆ ಬರೋ ಹಾಗೆ ಕೇಳಿದರೆ ಅವರಿಗೆ ಸಂಕೋಚ ಆಗಲ್ಲ. ಐದು ವಿಷಯ ಅವರ ಬಾಯಲ್ಲಿ ಬರಬೇಕು: ಏನು ಕಾಯಿಲೆ, ಏನು ಮಾಡ್ತಾರೆ ಮತ್ತೆ ಏನನ್ನು ತೆಗೀತಾರೆ, ಕೆಟ್ಟರೆ ಏನಾಗಬಹುದು (ಕನಿಷ್ಠ ಎರಡಾದರೂ), ಬೇರೆ ದಾರಿ, ಮಾಡಿಸದಿದ್ದರೆ ಏನು. ಬಾರದೇ ಹೋದದ್ದನ್ನು ಮಾತ್ರ ಮತ್ತೆ ಬೇರೆ ಮಾತಿನಲ್ಲಿ ಹೇಳಿ, ಅದನ್ನಷ್ಟೇ ಮತ್ತೆ ಕೇಳಿ. ಹೇಳಿದ್ದನ್ನೇ ಜೋರಾಗಿ ಹೇಳೋದರಿಂದ ಪ್ರಯೋಜನ ಇಲ್ಲ. ಎಲ್ಲ ಒಟ್ಟಿಗೆ ಹೇಳಿ ಕೊನೆಗೆ ಕೇಳಿದರೆ ಆರಂಭದ್ದು ಮರೆತಿರುತ್ತೆ, ಎರಡು ವಿಷಯಕ್ಕೊಮ್ಮೆ ನಿಲ್ಲಿಸಿ ಕೇಳಿ. ಅಭ್ಯಾಸವಾದ ಮೇಲೆ ಇದಕ್ಕೆ ಐದು ನಿಮಿಷ ಸಾಕು.

ಅವರು ಹೇಳಿದ ಮಾತಲ್ಲಿ ಒಂದನ್ನಾದರೂ ಹಾಗೇ ಕೇಸ್ ಶೀಟಿನಲ್ಲಿ ಬರೀರಿ: "ಚೀಲನೇ ತೆಗೀತಾರೆ, ಕಷ್ಟ ಆದ್ರೆ ದೊಡ್ಡದು ಕೊಯ್ತಾರೆ ಎಂದರು." "ರೋಗಿಗೆ ಅರ್ಥವಾಗಿದೆ" ಅನ್ನೋ ಸೀಲು ಹೊಡೆಯೋದಕ್ಕಿಂತ ಈ ಒಂದು ಸಾಲು ತೂಕದ್ದು.

ಸಮಯದ ವಿಷಯ. ಅಡ್ಮಿಷನ್ ಕೌಂಟರಿನಲ್ಲಿ ದಾಖಲಾತಿ, ಮುಂಗಡ ಹಣ, ವಿಮೆ ಅಥವಾ ಆಯುಷ್ಮಾನ್ ಕಾರ್ಡಿನ ಕಾಗದ, ಅದರ ನಡುವೆ ಒಪ್ಪಿಗೆ ಪತ್ರ, ಎಲ್ಲಕ್ಕೂ "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಬೆರಳು ತೋರಿಸಿ ಸಹಿ ಹಾಕಿಸ್ತಾರೆ. ಅದರಲ್ಲಿ ಒಂದು ತನ್ನ ಹೊಟ್ಟೆ ಕೊಯ್ಯೋದಕ್ಕೆ ಕೊಟ್ಟ ಅನುಮತಿ ಅಂತ ಯಾರಿಗೆ ಹೊಳೀಬೇಕು? ಒಪ್ಪಿಗೆ ಪತ್ರವನ್ನು ಆ ಕಟ್ಟಿನಿಂದ ಬೇರೆ ತೆಗೀರಿ. ಮೊದಲೇ ಗೊತ್ತಾದ ಆಪರೇಷನ್ ಆದರೆ ಒಪಿಡಿಯಲ್ಲೇ ಪ್ರತಿ ಕೊಟ್ಟು ಮನೆಗೆ ಕಳಿಸಿ, ಮನೆಯಲ್ಲಿ ಓದಬಲ್ಲವರು ಓದಿ ಹೇಳ್ತಾರೆ. ಹಿಂದಿನ ದಿನ ವಾರ್ಡಿನಲ್ಲಿ ಮಾತು, ಮರಳಿ ಹೇಳಿಸೋದು, ಸಹಿ. ಟ್ರಾಲಿ ಮೇಲೆ ಮಲಗಿಸಿದ ಮೇಲೆ ಪೆನ್ನು ಕೊಡೋದು ಮಾತ್ರ ಬೇಡ.

ನಿದ್ದೆ_ಮದ್ದು

ಟ್ರಾಲಿ ಮಾತು ಬಂದಿದ್ದಕ್ಕೆ ಸೇರಿಸುತ್ತೇನೆ: ಆತಂಕ ಕಡಿಮೆ ಮಾಡಲು ಮಿಡಾಜೋಲಮ್ ಕೊಟ್ಟ ಮೇಲೆ ತೆಗೆದುಕೊಂಡ ಸಹಿಗೆ ಬೆಲೆಯಿಲ್ಲ. ಆ ಮದ್ದಿನ ಗುಣವೇ ನೆನಪನ್ನು ಅಳಿಸುವುದು. ಕಡತದಲ್ಲಿ ಮದ್ದು ಕೊಟ್ಟ ಗಂಟೆಯೂ ಸಹಿಯ ಗಂಟೆಯೂ ಇರುತ್ತವೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ವಕೀಲರಿಗೆ ಎರಡು ನಿಮಿಷ ಸಾಕು. ಪತ್ರದಲ್ಲಿ ದಿನಾಂಕದ ಜೊತೆ ಗಂಟೆಗೂ ಜಾಗ ಇಡಿ.

ಅರಿವಳಿಕೆಗೆ ಪ್ರತ್ಯೇಕ ಪತ್ರ ಬೇಕು, ಪ್ರತ್ಯೇಕ ಮಾತೂ ಬೇಕು. ಇಲ್ಲಿ ತಪ್ಪಾಗುವ ಮೂರು ಸಂಗತಿ:

"ಖಾಲಿ ಹೊಟ್ಟೆ". ಇದನ್ನು ಜನ "ಊಟ ಮಾಡಬಾರದು" ಎಂದಷ್ಟೇ ತಿಳಿಯುತ್ತಾರೆ. ಕಾಫಿ, ಟೀ, ಹಾಲು, ಒಂದು ಬಿಸ್ಕತ್ತು ಅವರ ಲೆಕ್ಕಕ್ಕಿಲ್ಲ. ಹಾಲು ಬೆರೆಸಿದ ಕಾಫಿಯನ್ನು ನಾವು ಗಟ್ಟಿ ಆಹಾರದಂತೆಯೇ ಎಣಿಸುತ್ತೇವೆ: 6 ಗಂಟೆ. ಬರೀ ನೀರು 2 ಗಂಟೆ ಮುಂಚಿನವರೆಗೆ ಆಗಬಹುದು. ಎಣ್ಣೆಯ, ಮಾಂಸದ ಊಟವಾದರೆ 8 ಗಂಟೆ. ಕಾರಣವನ್ನೂ ಹೇಳಿ: ಅರಿವಳಿಕೆಯಿಂದ ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಕಾರಣ ತಿಳಿಯದವರು "ಸ್ವಲ್ಪ ತಾನೇ" ಎಂದು ಕುಡಿದು, ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ಗಂಟೆಗಳ ಲೆಕ್ಕ ಕೊಡುವ ಬದಲು, ಬೆಳಿಗ್ಗೆ 8ಕ್ಕೆ ಆಪರೇಷನ್ ಆದರೆ "ರಾತ್ರಿ 12ರ ಮೇಲೆ ಕಾಫಿ, ಹಾಲು, ತಿಂಡಿ ಇಲ್ಲ, ಬೆಳಿಗ್ಗೆ 6ರವರೆಗೆ ನೀರು ಮಾತ್ರ ಕುಡಿಯಬಹುದು" ಎಂದು ಗಡಿಯಾರ ನೋಡಿ ಬರೆದುಕೊಡಿ.

"ಬೆನ್ನಿಗೆ ಇಂಜೆಕ್ಷನ್". ಸಿಸೇರಿಯನ್ನಿಗೆ ಬೆನ್ನಿಗೆ ಕೊಟ್ಟ ಸೂಜಿಯಿಂದಲೇ ಮುಂದೆ ಜನ್ಮವಿಡೀ ಸೊಂಟನೋವು ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಸೂಜಿ ಚುಚ್ಚಿದ ಕಡೆ ಕೆಲವು ದಿನ ನೋಯಬಹುದು. ವರ್ಷಗಟ್ಟಲೆಯ ಸೊಂಟನೋವಿಗೆ ಅದು ಕಾರಣವಲ್ಲ. ನಿಜವಾಗಿ ಹೇಳಬೇಕಾದ ತೊಡಕನ್ನು ಮಾತ್ರ ಯಾರೂ ಹೇಳುವುದಿಲ್ಲ: ಕುಳಿತಾಗ ಹೆಚ್ಚಾಗಿ, ಮಲಗಿದಾಗ ಕಡಿಮೆಯಾಗುವ ತಲೆನೋವು. ಈಗಿನ ಸಣ್ಣ ಸೂಜಿಗಳಲ್ಲಿ ನೂರಕ್ಕೆ ಒಬ್ಬರ ಆಸುಪಾಸು, ಎಳೆಯ ವಯಸ್ಸಿನ ಹೆಂಗಸರಲ್ಲಿ ತುಸು ಹೆಚ್ಚು. ಅಂಥ ತಲೆನೋವು ಬಂದರೆ ಮನೆಯಲ್ಲೇ ಇರದೆ ತಿಳಿಸಬೇಕು ಎಂಬುದು ಅವರಿಗೆ ಗೊತ್ತಿರಬೇಕು.

ಮೂರನೆಯದು, ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಸಾಕಾಗದೆ ಇದ್ದರೆ ಪೂರ್ತಿ ಮತ್ತು ಬರಿಸಬೇಕಾಗಬಹುದು. ಎರಡಕ್ಕೂ ಮೊದಲೇ ಒಪ್ಪಿಗೆ ಇರಲಿ. "ಅರ್ಧ ಮೈಗೆ ಮಾತ್ರ ಅಂದಿದ್ರಿ" ಎಂಬ ಜಗಳ ಇಲ್ಲಿಂದಲೇ ಹುಟ್ಟುವುದು.

ಕರಿಕೋಟು

ಸಹಿಯ ಪ್ರಶ್ನೆಗೆ ನೇರ ಉತ್ತರ: 18 ತುಂಬಿದ, ಎಚ್ಚರವಿರುವ, ಯೋಚಿಸಿ ತೀರ್ಮಾನಿಸಬಲ್ಲ ವ್ಯಕ್ತಿಯ ಪರವಾಗಿ ಬೇರಾರೂ ಒಪ್ಪಿಗೆ ಕೊಡುವಂತಿಲ್ಲ. ಗಂಡನೂ ಇಲ್ಲ, ಮಗನೂ ಇಲ್ಲ. ಮನೆಯವರು ಜೊತೆಗಿದ್ದು ಕೇಳಿಸಿಕೊಂಡರೆ ಒಳ್ಳೆಯದೇ, ಅವರ ಸಹಿಯನ್ನು ಹೆಚ್ಚುವರಿಯಾಗಿ ಪಡೆಯಲೂಬಹುದು. ರೋಗಿಯ ಸಹಿಯ ಬದಲಿಗೆ ಅದು ನಿಲ್ಲುವುದಿಲ್ಲ.

ಇದರ ಮೇಲೆ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಕೊಟ್ಟ ತೀರ್ಪನ್ನು ಪತ್ರ ಬರೆಯುವವರೆಲ್ಲ ಓದಬೇಕು. ದೆಹಲಿಯಲ್ಲಿ 1995ರಲ್ಲಿ ನಡೆದ ಸಂಗತಿ. ಹಲವು ದಿನ ನಿಲ್ಲದ ಮುಟ್ಟಿನ ಸ್ರಾವಕ್ಕೆಂದು ಬಂದ 44 ವರ್ಷದ ಅವಿವಾಹಿತ ಮಹಿಳೆ ಲ್ಯಾಪರೋಸ್ಕೋಪಿಯಲ್ಲಿ ನೋಡಲು, ಬೇಕಾದರೆ ಹೊಟ್ಟೆ ತೆರೆಯಲು ಸಹಿ ಹಾಕಿದ್ದರು. ಮತ್ತಿನಲ್ಲಿರುವಾಗ ಹೊರಗೆ ಕುಳಿತಿದ್ದ ತಾಯಿಯಿಂದ ಸಹಿ ಪಡೆದು ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆದರು. ಕೋರ್ಟ್ ಹೇಳಿದ್ದು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಪ್ರಾಣಕ್ಕೆ ಕೂಡಲೇ ಅಪಾಯವಿಲ್ಲದಿದ್ದಾಗ ರೋಗಿಗೆ ಎಚ್ಚರ ಬರುವವರೆಗೆ ಕಾಯಬೇಕಿತ್ತು, ತಾಯಿಯ ಸಹಿಗೆ ಬೆಲೆಯಿಲ್ಲ. ವೈದ್ಯರು ಚಿಕಿತ್ಸೆಯ ಶುಲ್ಕ ಕೇಳುವಂತಿಲ್ಲ, ಮೇಲೆ 25,000 ರೂಪಾಯಿ ಪರಿಹಾರ ಕೊಡಬೇಕು ಎಂದಿತು. ಮೊತ್ತ ಸಣ್ಣದು. ಆದರೆ ಚಿಕಿತ್ಸೆ ರೋಗಿಗೆ ಒಳ್ಳೆಯದೇ ಆಗಿತ್ತು ಎಂಬ ವಾದ ಒಪ್ಪಿಗೆಯ ಜಾಗವನ್ನು ತುಂಬುವುದಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಏನೇನು ಹೇಳಬೇಕು ಎಂಬುದನ್ನೂ ಅದೇ ತೀರ್ಪು ಪಟ್ಟಿ ಮಾಡಿದೆ: ಚಿಕಿತ್ಸೆ ಎಂಥದು, ಯಾಕೆ, ಲಾಭವೇನು, ಪರಿಣಾಮವೇನು, ಬೇರೆ ದಾರಿಗಳಿದ್ದರೆ ಅವು, ಗಣನೀಯ ಅಪಾಯಗಳು, ಬೇಡವೆಂದರೆ ಆಗುವ ಕೆಡುಕು. ಎಲ್ಲೋ ಅಪರೂಪಕ್ಕೆ ಆಗಬಹುದಾದ, ಹೇಳಿದರೆ ರೋಗಿ ಹೆದರಿ ಬೇಕಾದ ಚಿಕಿತ್ಸೆಯನ್ನೇ ಬಿಡುವಂಥ ಅಪಾಯಗಳನ್ನೆಲ್ಲ ಹೇಳಬೇಕಿಲ್ಲ ಎಂದೂ ಹೇಳಿದೆ. ಅಮೆರಿಕದ ಕೋರ್ಟುಗಳು ರೋಗಿಗೆ ಏನು ತಿಳಿಯಬೇಕಿತ್ತು ಎಂದು ಕೇಳಿದರೆ, ನಮ್ಮ ಕೋರ್ಟ್ ಇಲ್ಲಿನ ಬಡತನ, ಶಿಕ್ಷಣ, ಆಸ್ಪತ್ರೆಗಳ ಸ್ಥಿತಿಯನ್ನು ಮುಂದಿಟ್ಟು ಅಷ್ಟು ದೂರ ಹೋಗಲಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರಲ್ಲಿ ರೋಗಿಯ ಕಡೆಗೇ ವಾಲಿತು. ಅಲ್ಲಿನ ಪ್ರಕರಣದಲ್ಲಿ ಸಕ್ಕರೆ ಕಾಯಿಲೆಯ ಗರ್ಭಿಣಿಗೆ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ನೂರಕ್ಕೆ 9-10ರಷ್ಟು ಅಪಾಯವನ್ನು ವೈದ್ಯರು ಹೇಳಿರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಪತ್ರವನ್ನು 2008ರ ಅಳತೆಗೆ ಹೊಲಿಸಬೇಡಿ, ಸ್ವಲ್ಪ ದೊಡ್ಡದಾಗಿಯೇ ಹೊಲಿಸಿ.

ಗಂಡನ ಸಹಿಯ ಬಗ್ಗೆ ಇನ್ನೂ ಎರಡು ಮಾತು. ಗರ್ಭಪಾತಕ್ಕೆ 18 ತುಂಬಿದ ಹೆಣ್ಣಿನ ಒಪ್ಪಿಗೆ ಮಾತ್ರ ಸಾಕು, ಕಾನೂನು ಗಂಡನ ಸಹಿ ಕೇಳುವುದೇ ಇಲ್ಲ. "ಗಂಡ ಬರದೆ ಮಾಡಲ್ಲ" ಎನ್ನುವುದು ಆಸ್ಪತ್ರೆಗಳೇ ಕಟ್ಟಿಕೊಂಡ ನಿಯಮ. ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಗೊಂದಲ ನಿಜವಾಗಿಯೂ ಇದೆ: ವೈದ್ಯಕೀಯ ಮಂಡಳಿಯ 2002ರ ನಿಯಮ 7.16 ಗಂಡಹೆಂಡಿರಿಬ್ಬರ ಒಪ್ಪಿಗೆ ಬೇಕೆನ್ನುತ್ತದೆ, ಕೇಂದ್ರ ಆರೋಗ್ಯ ಇಲಾಖೆಯ ಕುಟುಂಬ ಯೋಜನೆ ಮಾರ್ಗಸೂಚಿ ಸಂಗಾತಿಯ ಒಪ್ಪಿಗೆ ಬೇಕಿಲ್ಲ ಎನ್ನುತ್ತದೆ. ಸಂತಾನಹರಣ ಶಿಬಿರಗಳ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳು ಸಹಿ ಯಾರದು ಎಂಬುದಕ್ಕಿಂತ, ವಿವರ ರೋಗಿಗೆ ತಿಳಿಯುವ ಭಾಷೆಯಲ್ಲಿ ಇದ್ದಿತೇ, ಯೋಚಿಸಲು ಸಮಯ ಕೊಟ್ಟಿತ್ತೇ ಎಂಬುದರ ಮೇಲೆ ಒತ್ತು ಕೊಟ್ಟಿವೆ.

ಕೋರ್ಟಿನಲ್ಲಿ ಬಿದ್ದುಹೋಗುವ ಪತ್ರಗಳು ಹೀಗಿರುತ್ತವೆ: ಖಾಲಿ ಪತ್ರಕ್ಕೆ ಸಹಿ, ಆಮೇಲೆ ಬೇರೆ ಶಾಯಿಯಲ್ಲಿ ತುಂಬಿದ ಆಪರೇಷನ್ ಹೆಸರು. "ಆಸ್ಪತ್ರೆ ಅಗತ್ಯವೆಂದು ಕಂಡ ಎಲ್ಲ ಚಿಕಿತ್ಸೆಗೂ" ಎಂಬ ಸಾರಾಸಗಟು ಒಪ್ಪಿಗೆ. ಇಂಗ್ಲಿಷ್ ಪತ್ರದ ಕೆಳಗೆ ಕನ್ನಡದ ಸಹಿಯೋ ಹೆಬ್ಬೆಟ್ಟೋ, ನಡುವೆ ಓದಿ ಹೇಳಿದವರ ಹೆಸರಿಲ್ಲ. "ಏನೇ ಆದರೂ ಆಸ್ಪತ್ರೆ ಜವಾಬ್ದಾರಿಯಲ್ಲ" ಎಂಬ ಸಾಲು ನಿರ್ಲಕ್ಷ್ಯದ ಆರೋಪದಿಂದ ಯಾರನ್ನೂ ಕಾಪಾಡುವುದಿಲ್ಲ, ತೆಗೆದುಹಾಕಿ. ಹೆಬ್ಬೆಟ್ಟಿಗೆ ಆಸ್ಪತ್ರೆಗೆ ಸೇರದ ಸಾಕ್ಷಿ ಇದ್ದರೆ ಒಳ್ಳೆಯದು. ಭಾಷಾಂತರಿಸಿದವರಿಗೆ ಸಾಕ್ಷಿಯ ಜಾಗವಲ್ಲ, ಪ್ರತ್ಯೇಕ ಜಾಗ ಕೊಡಿ.

ತುರ್ತಿನಲ್ಲಿ, ರೋಗಿಗೆ ಎಚ್ಚರವಿಲ್ಲದೆ, ಕೇಳಲು ಯಾರೂ ಇಲ್ಲದಿದ್ದರೆ ಪ್ರಾಣ ಉಳಿಸಲು ಮುಂದುವರಿಯಬಹುದು. ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು, ಹಳೆಯ ಐಪಿಸಿಯ 92. ಯಾಕೆ ಕಾಯಲಾಗಲಿಲ್ಲ ಎಂದು ಆಗಲೇ ಬರೆದಿಡಿ. ಕಡತವನ್ನು ಕನಿಷ್ಠ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು.

ನಾಲ್ಕು_ತೂತು

ಕರಿಕೋಟು ಸರ್, ಆಂಜಿಯೋಗ್ರಾಮಿಗೆ (ಹಾರ್ಟಿನ ರಕ್ತನಾಳ ನೋಡೋ ಪರೀಕ್ಷೆ) ಹೋದವರಿಗೆ ಅದೇ ಟೇಬಲ್ ಮೇಲೆ ಸ್ಟೆಂಟ್ ಹಾಕೋದು ಆ ತೀರ್ಪಿಗೆ ಅಡ್ಡ ಬರಲ್ವಾ? ಹಾರ್ಟ್ ಅಟ್ಯಾಕ್ ಆಗಿ ಬಂದವರ ಮಾತಲ್ಲ. ನಡೆದರೆ ಎದೆ ಹಿಡಿಯುತ್ತೆ, ಕೂತರೆ ಹೋಗುತ್ತೆ, ಅಂಥವರದು.

ಕರಿಕೋಟು

ಆಂಜಿಯೋಗ್ರಾಮಿಗೆ ಮಾತ್ರ ಒಪ್ಪಿದ್ದರೆ ಖಂಡಿತ ಬರುತ್ತದೆ. ಎರಡಕ್ಕೂ ಮೊದಲೇ ಬೇರೆ ಬೇರೆಯಾಗಿ ವಿವರಿಸಿ ಒಪ್ಪಿಗೆ ಪಡೆದಿದ್ದರೆ ತೊಂದರೆಯಿಲ್ಲ. ಆದರೆ ನೀವು ಹೇಳುವಂಥ ಸ್ಥಿರ ನೋವಿನವರಲ್ಲಿ ಸ್ಟೆಂಟು ನೋವು ಕಡಿಮೆ ಮಾಡುತ್ತದೆ. ಔಷಧಿ ಚಿಕಿತ್ಸೆಗೆ ಹೋಲಿಸಿದರೆ ಮುಂದಿನ ಹೃದಯಾಘಾತವನ್ನಾಗಲಿ ಸಾವನ್ನಾಗಲಿ ತಗ್ಗಿಸುವುದಿಲ್ಲ ಎಂದು 2007ರ ಕರೇಜ್, 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನಗಳು ತೋರಿಸಿವೆ. ರೋಗಿಗಳಲ್ಲಿ ಬಹುಪಾಲು ಸ್ಟೆಂಟು ಪ್ರಾಣ ಉಳಿಸುತ್ತದೆಂದೇ ನಂಬಿ ಒಪ್ಪುತ್ತಾರೆ. ಸಹಿ ಸರಿಯಿದ್ದು ತಿಳಿವಳಿಕೆ ತಪ್ಪಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. "ಬ್ಲಾಕ್ ಇದೆ, ಹಾಕೋಣವಾ?" ಎಂದು ಹೊರಗೆ ನಿಂತ ಮಗನನ್ನು ಕೇಳುವುದು ಒಪ್ಪಿಗೆ ಪಡೆಯುವ ಕ್ರಮವಲ್ಲ.

ಪದಪೆಟ್ಟಿಗೆ

ಭಾಷೆಯ ಬಗ್ಗೆ ಯಾರೂ ಮುಟ್ಟಿಲ್ಲ, ಹಾಗಾಗಿ ನಾನು.

ಮೇಲಿನ ಹಳೆಯ ವಾಕ್ಯದಲ್ಲಿ ಮೂರು "ಇಲ್ಲ"ಗಳು ಒಂದರೊಳಗೊಂದು ಕೂತಿವೆ: ನೀಡಲಾಗಿಲ್ಲ, ಉದ್ಭವಿಸುವುದಿಲ್ಲ, ಹೇಳಲಾಗದು. ಕಿವಿಗೆ ಕೊನೆಯದೊಂದೇ ಉಳಿಯುತ್ತದೆ. ಅದನ್ನೇ "ಆಪರೇಷನ್ ಚೆನ್ನಾಗಿ ಆಗಲೆಂದೇ ಮಾಡುತ್ತಾರೆ. ಆದರೂ ಕೆಲವರಿಗೆ ತೊಂದರೆ ಆಗಬಹುದು. ಅವು ಯಾವುವು ಎಂದು ಡಾಕ್ಟರು ನನಗೆ ಹೇಳಿದ್ದಾರೆ" ಎಂದು ಬರೆದರೆ ಏನೂ ಕಳೆದುಹೋಗುವುದಿಲ್ಲ.

ಪತ್ರಗಳಲ್ಲಿ ಮೋಸ ಮಾಡುವ ಪದಗಳು ಕಷ್ಟದವಲ್ಲ, ಸುಲಭದವು. ಕಷ್ಟದ ಪದ ಬಂದರೆ ಓದುವವರಿಗೆ ತಿಳಿಯಲಿಲ್ಲವೆಂದಾದರೂ ಗೊತ್ತಾಗುತ್ತದೆ. "ಸಾಮಾನ್ಯ ತೊಡಕುಗಳು" ಎಂಬುದನ್ನು ನೋಡಿ. ಬರೆದವರ ಮನಸ್ಸಿನಲ್ಲಿ "ಹೆಚ್ಚು ಜನರಿಗೆ ಆಗುವ", ಓದುವವರ ಮನಸ್ಸಿನಲ್ಲಿ "ಚಿಲ್ಲರೆ, ದೊಡ್ಡದೇನಲ್ಲ". ಅರ್ಥ ಪೂರ್ತಿ ತಿರುಗಿತು. "ರಕ್ತ ಕೊಡಲು ನನ್ನ ಒಪ್ಪಿಗೆ ಇದೆ" ಎಂದರೆ ರಕ್ತ ತನಗೆ ಹಾಕುವುದೋ ತಾನು ದಾನ ಮಾಡುವುದೋ? "ನನಗೆ ಬೇರೆಯವರ ರಕ್ತ ಹಾಕಲು" ಎಂದು ಬರೆಯಿರಿ. "ರಿಪೋರ್ಟ್ ಪಾಸಿಟಿವ್" ಎಂದರೆ ಒಳ್ಳೆಯ ಸುದ್ದಿ ಎಂದುಕೊಳ್ಳುವವರು ಇಂದಿಗೂ ಇದ್ದಾರೆ. "ಸೋಂಕು" ಎಂದರೆ ಕೊರೊನಾ ದಿನಗಳಿಂದ ಒಬ್ಬರಿಂದೊಬ್ಬರಿಗೆ ಅಂಟುವ ಕಾಯಿಲೆ ಎಂದಾಗಿದೆ. ಗಾಯಕ್ಕೆ "ನಂಜಾಗುವುದು, ಕೀವು ತುಂಬುವುದು" ಎಂದರೆ ಹಳ್ಳಿಯವರಿಗೂ ಪೇಟೆಯವರಿಗೂ ತಿಳಿಯುತ್ತದೆ. "ಪರ್ಯಾಯ"ಕ್ಕೆ "ಬೇರೆ ದಾರಿ". "ಶಸ್ತ್ರಚಿಕಿತ್ಸೆ" ಇರಲಿ, ಪಕ್ಕದಲ್ಲಿ "ಆಪರೇಷನ್" ಸೇರಿಸಿ.

ಪ್ರದೇಶದ ಮಾತೂ ಇದೆ. ಹುಬ್ಬಳ್ಳಿ, ಕಲಬುರಗಿ ಕಡೆ ಸೊಂಟಕ್ಕೆ ನಡ, ನೋವಿಗೆ ಬ್ಯಾನಿ, ಇಂಜೆಕ್ಷನ್ ಕೊಡುವುದಕ್ಕೆ ಸೂಜಿ ಮಾಡುವುದು. ಅಚ್ಚಿನ ಪತ್ರ ಒಂದೇ ಇರಲಿ, ಬಾಯಿಮಾತು ಆ ಊರಿನದಿರಲಿ. ಕನ್ನಡ ಪತ್ರವಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ: ತಾಂಡಾದಿಂದ ಬಂದ ಅಜ್ಜಿಗೆ ಲಂಬಾಣಿ, ಬೀದರಿನ ಎಷ್ಟೋ ಮನೆಗಳಲ್ಲಿ ದಖನಿ, ಕೋಲಾರದಲ್ಲಿ ತೆಲುಗು, ಬೆಂಗಳೂರಿನ ಕಟ್ಟಡ ಕೆಲಸದವರಿಗೆ ಬಂಗಾಳಿಯೋ ಒಡಿಯಾವೋ. ಜೊತೆಗೆ ಬಂದ ಹತ್ತು ವರ್ಷದ ಮಗನ ಕೈಲಿ ತಾಯಿಯ ಗರ್ಭಕೋಶದ ವಿಷಯ ಅನುವಾದ ಮಾಡಿಸಬೇಡಿ. ಮಗ ಅರ್ಧ ಹೇಳುತ್ತಾನೆ, ತಾಯಿ ಅರ್ಧ ಕೇಳುತ್ತಾಳೆ.

ಪತ್ರ ಸಿದ್ಧವಾದ ಮೇಲೆ ಆಸ್ಪತ್ರೆಗೆ ಸೇರದ, ಏಳನೇ ತರಗತಿಯ ಆಸುಪಾಸು ಓದಿದ ಎಂಟು ಹತ್ತು ಮಂದಿಗೆ ಕೊಡಿ. ಪ್ರತಿ ಪ್ಯಾರಾ ಆದಮೇಲೆ "ಇದು ಏನು ಹೇಳುತ್ತಿದೆ?" ಎಂದು ಕೇಳಿ. ಇಬ್ಬರು ಒಂದೇ ಜಾಗದಲ್ಲಿ ತಡವರಿಸಿದರೆ ಆ ಸಾಲು ಕೆಟ್ಟಿದೆ, ತಿದ್ದಿ ಮತ್ತೆ ಹೊಸಬರಿಗೆ ಕೊಡಿ. ಮೊದಲು ಓದಿದವರಿಗೇ ಕೊಟ್ಟರೆ ಅವರು ನೆನಪಿನಿಂದ ಹೇಳುತ್ತಾರೆ.

ವಾರ್ಡ್_ಮೇಜು

ಎಲ್ಲರಿಗೂ ಧನ್ಯವಾದ. ಪಿತ್ತಕೋಶದ ಪತ್ರದ ಮೊದಲ ಕರಡು ಇದು. ತಿದ್ದಿ.

"ನನ್ನ ಪಿತ್ತಕೋಶದಲ್ಲಿ ಕಲ್ಲುಗಳಿವೆ. ಲಿವರಿನ ಕೆಳಗಿರುವ ಈ ಸಣ್ಣ ಚೀಲವನ್ನು ಕಲ್ಲುಗಳ ಸಮೇತ ಪೂರ್ತಿ ತೆಗೆಯುತ್ತಾರೆ. ಅದಿಲ್ಲದೆಯೂ ಊಟ ಜೀರ್ಣವಾಗುತ್ತದೆ. ಕೆಲವರಿಗೆ ಕೆಲವು ದಿನ ಭೇದಿಯಾಗಬಹುದು. ಹೊಟ್ಟೆಗೆ ಗಾಳಿ ತುಂಬಿ ನಾಲ್ಕು ಸಣ್ಣ ತೂತುಗಳಿಂದ ಮಾಡುತ್ತಾರೆ. 100 ಜನರಲ್ಲಿ ಸುಮಾರು 5 ಜನರಿಗೆ ಉದ್ದವಾಗಿ ಕೊಯ್ದು ಮಾಡಬೇಕಾಗುತ್ತದೆ. 1000 ಜನರಲ್ಲಿ 3ರಿಂದ 5 ಜನರಿಗೆ ಪಿತ್ತನಾಳಕ್ಕೆ ಪೆಟ್ಟಾಗಬಹುದು. ಹೊಟ್ಟೆ ಉಬ್ಬರ, ಹುಳಿತೇಗು ಇದರಿಂದ ಹೋಗದೆ ಇರಬಹುದು. ಆಪರೇಷನ್ ಶುರುವಾಗುವವರೆಗೆ ಯಾವಾಗ ಬೇಕಾದರೂ ನಾನು ಬೇಡ ಎನ್ನಬಹುದು."

ಪದಪೆಟ್ಟಿಗೆ

ಬಹಳ ವಾಸಿ. ಎರಡು ಕಡೆ ತಿದ್ದಬೇಕು. ಒಂದು ಸಾಲಿನಲ್ಲಿ 100, ಮುಂದಿನ ಸಾಲಿನಲ್ಲಿ 1000. ಎರಡರಲ್ಲೂ 5 ಇರುವುದರಿಂದ ಎರಡೂ ಅಷ್ಟಕ್ಕಷ್ಟೇ ಎಂದು ಓದುತ್ತಾರೆ. ಎರಡನ್ನೂ ಸಾವಿರಕ್ಕೆ ತನ್ನಿ: 1000 ಜನರಲ್ಲಿ 50, 1000 ಜನರಲ್ಲಿ 3ರಿಂದ 5. ಪಕ್ಕದಲ್ಲಿ "950 ಜನರಿಗೆ ತೂತುಗಳಿಂದಲೇ ಮುಗಿಯುತ್ತದೆ" ಎಂದೂ ಬರೆಯಿರಿ, ಒಂದೇ ಮುಖ ತೋರಿಸಿದ ಹಾಗಾಗಬಾರದು.

"ಪೆಟ್ಟಾಗಬಹುದು" ಎಂಬಲ್ಲಿಗೆ ನಿಲ್ಲಿಸಬೇಡಿ. ಪೆಟ್ಟಾದರೆ ರೋಗಿಯ ಪಾಲಿಗೆ ಏನು? "ಹಾಗಾದರೆ ಮತ್ತೊಂದು ಆಪರೇಷನ್ ಬೇಕಾಗಬಹುದು, ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಬಹುದು."

ಮೂರನೇ_ಪಾಳಿ

"ಗಾಳಿ ತುಂಬಿ" ಅನ್ನೋ ಕಡೆ ಒಂದು ಮಾತು ಸೇರಿಸಿ: ಒಂದೆರಡು ದಿನ ಹೆಗಲು ನೋಯಬಹುದು, ಅದು ಆ ಗಾಳಿಯಿಂದ. ಇದನ್ನು ಹೇಳದೆ ಬಿಟ್ಟರೆ ರಾತ್ರಿ ಎರಡು ಗಂಟೆಗೆ "ಹೊಟ್ಟೆ ಆಪರೇಷನ್ನಿಗೆ ಹೆಗಲು ಯಾಕೆ ನೋಯ್ತಿದೆ, ಹಾರ್ಟಾ?" ಅಂತ ಬೆಲ್ ಒತ್ತುತ್ತಾರೆ. ಬೇರೆ ದಾರಿಯ ಸಾಲು, ಮಾಡಿಸದಿದ್ದರೆ ಏನು ಅನ್ನೋ ಸಾಲು, ಎರಡೂ ಕರಡಿನಲ್ಲಿ ಬಿಟ್ಟುಹೋಗಿವೆ. ಸಹಿಯ ಮೇಲೆ ಎರಡು ಖಾಲಿ ಗೆರೆ ಬಿಡಿ: "ರೋಗಿ ತಮ್ಮ ಮಾತಿನಲ್ಲಿ ಹೇಳಿದ್ದು". ಅಲ್ಲಿ ಏನೂ ಬರೆಯದಿದ್ದರೆ ಓಟಿಗೆ ಕಳಿಸೋ ಮುಂಚಿನ ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕಬೇಡಿ.